ಈ ವಾರ ನಾವು ಇಲ್ಲಿದ್ದೇವೆ

ನಮ್ಮೂರಿನ ಓಣಿಗಳು ಒಂದು ಕಡೆ ನಿಲ್ಲುವುದಿಲ್ಲ. ಭಾನುವಾರ ನಸುಕಿನಲ್ಲಿ ಎದ್ದು ಬಾಗಿಲು ತೆಗೆದರೆ ಓಣಿಯ ಒಳಗೆ ಎಲ್ಲವೂ ನಿನ್ನೆ ಇದ್ದಂತೆಯೇ ಇರುತ್ತದೆ. ಎದುರು ಮನೆಯ ಕಟ್ಟೆ, ಹಿಟ್ಟಿನ ಗಿರಣಿ, ಮೂಲೆಯ ನಲ್ಲಿ ಎಲ್ಲ ಅಲ್ಲಲ್ಲೇ. ಓಣಿಯ ಬಾಯಿಗೆ ಹೋಗಿ ನಿಂತಾಗ ಮಾತ್ರ ಗೊತ್ತಾಗುತ್ತದೆ, ಈ ಸಲ ನಾವು ಎಲ್ಲಿಗೆ ಬಂದಿದ್ದೇವೆ ಎಂದು. ಒಂದು ವಾರ ಕೆರೆಯ ದಂಡೆ, ಇನ್ನೊಂದು ವಾರ ಬಸ್ ನಿಲ್ದಾಣದ ಬೆನ್ನಿಗೆ, ಮತ್ತೊಂದು ವಾರ ಗುಡ್ಡದ ಬುಡ. ಊರ ನಡುವಿನ ಚೌಕ, ಕೆರೆ, ಗುಡ್ಡ, ಬಸ್ ನಿಲ್ದಾಣ, ಹತ್ತಿ ಮಿಲ್ಲು ಇಂಥವು ಮಾತ್ರ ಇದ್ದಲ್ಲೇ ಇರುತ್ತವೆ.

ನಾವೆಲ್ಲ ಇದರಲ್ಲೇ ಹುಟ್ಟಿ ಬೆಳೆದವರು. ಶಾಲೆ, ದವಾಖಾನೆ, ಪುರಸಭೆ ಚೌಕದಲ್ಲಿವೆ, ಹಾಗಾಗಿ ಮಕ್ಕಳಿಗೂ ರೋಗಿಗಳಿಗೂ ತೊಂದರೆಯಿಲ್ಲ. ಹೆಣ್ಣು ನೋಡುವ ಕಾರ್ಯಕ್ರಮವನ್ನು ಶನಿವಾರ ಯಾರೂ ಇಟ್ಟುಕೊಳ್ಳುವುದಿಲ್ಲ. ಮಾತು ಮರುದಿನಕ್ಕೆ ಬೆಳೆದರೆ ಗಂಡಿನ ಕಡೆಯವರು ಹೆಣ್ಣಿನ ಮನೆ ಹುಡುಕುತ್ತ ಅಲೆಯಬೇಕಾಗುತ್ತದೆ. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಊರಿನ ಆ ತುದಿಯ ತವರಿಗೆ ಹೋದವಳು ಭಾನುವಾರ ಎದ್ದು ನೋಡಿದರೆ ಗಂಡನ ಓಣಿ ಪಕ್ಕದಲ್ಲೇ ಬಂದು ನಿಂತಿರುತ್ತದೆ. ಎಮ್ಮೆಗಳು ಮಾತ್ರ ಯಾರನ್ನೂ ಕೇಳದೆ ಸಂಜೆಗೆ ತಮ್ಮ ಕೊಟ್ಟಿಗೆ ಸೇರುತ್ತವೆ. ಮನೆ ನಂಬರಿಗೆ ಇಲ್ಲಿ ಅರ್ಥವಿಲ್ಲದ್ದರಿಂದ ಪುರಸಭೆಯವರು ಪ್ರತಿಯೊಬ್ಬರಿಗೂ ಒಂದು ಈಮೇಲ್ ಮಾಡಿಕೊಟ್ಟಿದ್ದಾರೆ. ವಿಳಾಸ ಅಂದರೆ ನಮಗೆ ಅದೇ. ರೇಷನ್ ಕಾರ್ಡಿನ ಮೇಲೂ ಅದೇ, ಲಗ್ನಪತ್ರಿಕೆಯ ಮೇಲೂ ಅದೇ.

ನಾನು ಹೇಳಹೊರಟದ್ದು ನನ್ನ ನೆಗೆಣ್ಣಿ ದ್ರಾಕ್ಷಾಯಣಿಯ ಸುದ್ದಿ. ನನ್ನ ಮೈದುನ ಚೆನ್ನವೀರನ ಹೆಂಡತಿ ಅವಳು. ನಮ್ಮ ಮಾವನವರು ಚೌಕದಲ್ಲಿ ಬ್ಯಾಗು, ಚೈನು, ಛತ್ರಿ ರಿಪೇರಿಯ ಅಂಗಡಿ ಇಟ್ಟಿದ್ದರು. ಕದಲದ ಜಾಗ ಅದು, ಜನ ಕಣ್ಣು ಮುಚ್ಚಿಕೊಂಡು ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಕಟ್ಟಡದ ಮಾಲಕರು ಅದನ್ನು ಕೆಡವಿ ಹೊಸ ಬ್ಯಾಗು, ಸೂಟ್‌ಕೇಸುಗಳ ದೊಡ್ಡ ಶೋರೂಮ್ ಕಟ್ಟಿದರು. ನಮ್ಮ ಹೊಲಿಗೆ ಯಂತ್ರಗಳು ಓಣಿಗೆ, ನಮ್ಮ ಮನೆಯ ಪಡಸಾಲೆಗೆ ಬಂದವು. ಅಲ್ಲಿಗೆ ನಮ್ಮ ಗಿರಾಕಿಗಳು ಕರಗಿಹೋದರು. ಅವರ ತಪ್ಪೇನಿಲ್ಲ. ಕಿತ್ತ ಚೈನಿನ ಬ್ಯಾಗು ಹಿಡಿದುಕೊಂಡು ಊರೆಲ್ಲ ಸುತ್ತಿ ನಮ್ಮ ಓಣಿ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಚೈನು ಹಾಳಾದ ಬ್ಯಾಗನ್ನು ಜನ ಅಟ್ಟದ ಮೇಲೆ ಎಸೆದು ಮರೆಯುತ್ತಾರೆ.

ಚೆನ್ನವೀರ ಮಾತು ಕಡಿಮೆ ಆಡುವ ಮನುಷ್ಯ. ಮುಂಜಾನೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಸ್ಟೂಲಿನ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದ. ಸಂಜೆಗೆ ಅದೇ ಯಂತ್ರವನ್ನು ಮತ್ತೆ ಒರೆಸುತ್ತಿದ್ದ. ಅವನನ್ನು ಹಾಗೆ ನೋಡಿ ನೋಡಿ ದ್ರಾಕ್ಷಾಯಣಿಗೆ ಒಂದು ದಿನ ತಡೆಯಲಾಗಲಿಲ್ಲ.

"ಮಂದಿ ನಮ್ಮನ್ನ ಹುಡುಕೂದಿಲ್ಲ ಅಂದ್ರ ನಾವ ಹೇಳೂಣು, ಎಲ್ಲಿದೀವಿ ಅಂತ. ವಾರಾ ವಾರಾ ಮೇಲ್ ಹಾಕ್ತೀನಿ," ಅಂದಳು.

"ಅದನ್ಯಾರು ಓದ್ತಾರವಾ?" ಅಂದೆ ನಾನು. ಅಂಗಡಿಯವರ ಮೇಲ್ ಅಂದರೆ ನಮ್ಮೂರಿಗೆ ಹೊಸದಲ್ಲ. ಹಬ್ಬ ಬಂದಾಗ ಎಲ್ಲರೂ ಕಳಿಸುತ್ತಿದ್ದರು, ಹಬ್ಬ ಮುಗಿದ ಮೇಲೆ ಬಿಡುತ್ತಿದ್ದರು. ನಾವು ತೆರೆಯದೆಯೇ ಅಳಿಸುತ್ತಿದ್ದೆವು.

"ಓದಲಿ ಬಿಡಲಿ ಅಕ್ಕಾ, ಹೇಳೂದು ನಮ್ಮ ಕೆಲಸ," ಅಂದಳು.

ಮೇಲ್ ಕಳಿಸಲು ಮೊದಲು ವಿಳಾಸಗಳು ಬೇಕಲ್ಲ. ಸಂತೆಯ ದಿನ ಅವಳು ಒಂದು ಇಕ್ಕಳ, ಒಂದು ಡಬ್ಬಿ ಚೈನಿನ ರನ್ನರುಗಳನ್ನು ಹಿಡಿದುಕೊಂಡು ಚೌಕದ ಬೇವಿನಮರದ ಕೆಳಗೆ ಹೋಗಿ ಕೂತಳು. ಚೈನು ಕಿತ್ತ ಚೀಲ ಕಂಡರೆ ಸಾಕು, ಕರೆದು ಪುಕ್ಕಟೆ ರಿಪೇರಿ ಮಾಡಿಕೊಟ್ಟು, "ನಿಮ್ಮ ಈಮೇಲ್ ಕೊಡ್ರಿ. ನಮ್ಮ ಓಣಿ ಎಲ್ಲೆ ಹೋಗೈತಿ ಅಂತ ವಾರಕ್ಕೊಮ್ಮೆ ತಿಳಸ್ತೀನಿ," ಅನ್ನುತ್ತಿದ್ದಳು. ಕೆಲವರು ಕೊಟ್ಟರು. ಕೆಲವರು ಕೈಯಲ್ಲಿನ ಚೀಲ ಕಸಿದುಕೊಂಡು ನಡೆದರು. ಪುಕ್ಕಟೆ ಅಂದ ಕೂಡಲೇ ಹಿಂದೆ ಏನೋ ಇದೆ ಅನ್ನಿಸುತ್ತದೆ ಜನರಿಗೆ. ಒಬ್ಬ ಮನುಷ್ಯ ನಗುನಗುತ್ತ ವಿಳಾಸ ಬರೆದುಕೊಟ್ಟ. ಆಮೇಲೆ ನೋಡಿದರೆ ಅದು ಪುರಸಭೆಯ ಅಧ್ಯಕ್ಷರದು.

ಮೊದಲ ಮೇಲ್ ಬರೆಯಲು ಅವಳು ಇಡೀ ಒಂದು ದಿನ ತೆಗೆದುಕೊಂಡಳು. 'ಸನ್ಮಾನ್ಯ ಗ್ರಾಹಕ ಬಂಧುಗಳಲ್ಲಿ ಸವಿನಯ ವಿಜ್ಞಾಪನೆ' ಎಂದು ಶುರುವಾಗಿ, ಮಾವನವರ ಕಾಲದ ಹಿರಿಮೆ, ನಮ್ಮ ಕೆಲಸದ ಗುಣಮಟ್ಟ, ತಮ್ಮೆಲ್ಲರ ಪ್ರೋತ್ಸಾಹ ಎಂದೆಲ್ಲ ಹರಿದು, ಕಟ್ಟಕಡೆಗೆ ನಮ್ಮ ಓಣಿ ಈ ವಾರ ಎಲ್ಲಿದೆ ಎಂಬ ಸಾಲು ಬರುತ್ತಿತ್ತು. ಓದಿ ನನಗೆ ಕಣ್ಣು ತುಂಬಿ ಬಂತು. ಇಂಥದ್ದನ್ನು ಓದಿದವರು ಬರದೆ ಇರುತ್ತಾರೆಯೇ ಅಂದುಕೊಂಡೆ.

ಯಾರೂ ಬರಲಿಲ್ಲ. ಬಂದದ್ದು ಒಂದೇ ಉತ್ತರ: 'ನನ್ನ ಹೆಸರು ತೆಗೆಯಿರಿ.'

ದ್ರಾಕ್ಷಾಯಣಿ ಅದನ್ನು ಬಹಳ ಹೊತ್ತು ನೋಡುತ್ತ ಕೂತಳು. ಯಾರೋ ಮುಖದ ಮೇಲೆ ಬಾಗಿಲು ಹಾಕಿದಂತಾಗಿತ್ತು ಅವಳಿಗೆ. ಆಮೇಲೆ ಆ ಹೆಸರು ತೆಗೆದು, 'ತೆಗೆದಿದ್ದೇನೆ. ತೊಂದರೆಯಾಗಿದ್ದರೆ ಕ್ಷಮಿಸಿ' ಎಂದು ಉತ್ತರ ಬರೆದಳು. ಮುಂದಿನ ಭಾನುವಾರ ಮತ್ತೆ ಕಳಿಸಿದಳು. ಅದರ ಮುಂದಿನ ಭಾನುವಾರವೂ. ಯಾರೂ ಬರಲಿಲ್ಲ, ಆದರೆ ಇನ್ನೊಂದು ಉತ್ತರ ಬಂತು. ಹುಸೇನಸಾಬ್ ಎಂಬ ಬಸ್ ಕಂಡಕ್ಟರರದು. 'ಅಕ್ಕಾರ, ನಿಮ್ಮ ಪತ್ರ ಛಲೋ ಐತಿ. ಆದ್ರ ಅಂಗಡಿ ಎಲ್ಲೈತಿ ಅನ್ನೂದನ್ನ ಕಡೀಕ ಬರದೀರಿ. ನಾ ಅಲ್ಲಿ ಮಟಾ ಓದೂದರಾಗ ಸ್ಟಾಪ್ ಬರತೈತಿ, ಟಿಕೆಟ್ ಹರಿಯಾಕ ಏಳಬೇಕಾಗತೈತಿ.'

ಅವಳು ಓದಿ ಜೋರಾಗಿ ನಕ್ಕಳು. ಎಷ್ಟೋ ದಿನದ ಮೇಲೆ ನಮ್ಮ ಪಡಸಾಲೆಯಲ್ಲಿ ಕೇಳಿದ ನಗು ಅದು. ಚೆನ್ನವೀರ ಕೂಡ ತಲೆಯೆತ್ತಿ ನೋಡಿದ.

ಅಂದಿನಿಂದ ಅವಳ ಬರವಣಿಗೆಯೇ ಬೇರೆಯಾಯಿತು. ಭಾನುವಾರ ಬೆಳಕು ಹರಿಯುತ್ತಿದ್ದಂತೆ ಓಣಿಯ ಬಾಯಿಗೆ ಹೋಗಿ ನೋಡುವುದು. ಅಲ್ಲಿಂದ ಚೌಕದವರೆಗೆ ನಡೆದು, ಮತ್ತೆ ಚೌಕದಿಂದ ಹೊಸಬಳಂತೆ ದಾರಿ ಹುಡುಕುತ್ತ ಮನೆಗೆ ಬರುವುದು. ಆಮೇಲೆ ಚಹ ಕುಡಿದು ಬರೆಯುವುದು. ತಲೆಬರಹದಲ್ಲೇ ಎಲ್ಲಿದ್ದೇವೆ ಎಂಬುದು ಬರುತ್ತಿತ್ತು. 'ಈ ವಾರ ನಾವು ಕೆರೆ ದಂಡೆಗೆ ಇದ್ದೇವೆ. ಚೌಕದಿಂದ ಕಾಯಿಪಲ್ಲೆ ಸಾಲು ದಾಟಿ ನೇರ ಬನ್ನಿ. ಬಟ್ಟೆ ಒಗೆಯುವ ಕಲ್ಲುಗಳು ಕಂಡಾಗ ಎಡಕ್ಕೆ ಹೊರಳಿ. ಅಲ್ಲಿ ಕೆಸರಿದೆ, ಒಳ್ಳೆಯ ಚಪ್ಪಲಿ ಹಾಕಿಕೊಂಡು ಬರಬೇಡಿ. ಒಂದು ಕರಿ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.' ಕೆಳಗೆ ಚೈನಿನ ಬಗ್ಗೆ ಒಂದೆರಡು ಸಾಲು, ತನ್ನ ಹೆಸರು, ಅಷ್ಟೇ.

ಒಂದು ಸಲ, ಚೈನು ಬಿಗಿಯಾಗಿ ಹಿಡಿದುಕೊಂಡರೆ ಅದರ ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿ, ಸಡಿಲಾಗುತ್ತದೆ, ಇಷ್ಟಕ್ಕೆ ನಮ್ಮಲ್ಲಿಗೆ ಬರುವುದು ಬೇಡ ಎಂದು ಬರೆದಳು. ಚೆನ್ನವೀರನಿಗೆ ಸಿಟ್ಟು ಬಂತು.

"ಎಲ್ಲಾ ನೀನ ಕಲಿಸಿಕೊಟ್ರ ಯಾರ್ ಬರ್ತಾರ ನಮ್ಮ ಕಡೆ?"

"ಮೇಣಕ್ಕ ಬಗ್ಗದ ಚೈನು ಇರ್ತಾವಲ್ರಿ. ಅವಾಗ ಯಾರ್ ನೆನಪಾಗ್ತಾರ ಅವ್ರಿಗೆ? ಮೇಣ ಹೇಳಿದಾಕಿ ನೆನಪಾಗ್ತಾಳ," ಅಂದಳು.

ಆ ವಾರವೇ ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಗೌರಾಬಾಯಿ ಎಂಬುವರು ದೊಡ್ಡ ಪ್ರಯಾಣದ ಬ್ಯಾಗು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. "ಮೇಣ ಉಜ್ಜಿ ಉಜ್ಜಿ ಸಾಕಾತ್ರಿ ನನಗ," ಅಂದರು. ಚೆನ್ನವೀರ ಎದ್ದು ಆ ಬ್ಯಾಗನ್ನು ಎರಡೂ ಕೈಯಿಂದ ಇಳಿಸಿಕೊಂಡ ರೀತಿ ನೋಡಬೇಕಿತ್ತು. ತೊಟ್ಟಿಲ ಕೂಸನ್ನು ಎತ್ತಿಕೊಂಡಂತೆ.

ಇಷ್ಟರಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ವಾರಕ್ಕೆ ಒಬ್ಬರು ಬಂದರು, ಮುಂದಿನ ವಾರ ಇಬ್ಬರು, ಆಮೇಲೆ ಮತ್ತೆ ಯಾರೂ ಇಲ್ಲ. ಮಳೆಗಾಲದಲ್ಲಂತೂ ಹೆಸರು ತೆಗೆಯಿರಿ ಎಂದವರೇ ಹೆಚ್ಚು. ಅವಳು ಪ್ರತಿಯೊಬ್ಬರಿಗೂ ಉತ್ತರ ಬರೆದು ತೆಗೆಯುತ್ತಿದ್ದಳು. ಸಂತೆಗೆ ಹೋಗಿ ಹೊಸ ಹೆಸರು ತರುತ್ತಿದ್ದಳು. ತಂದಷ್ಟೇ ಹೆಸರು ಹೋಗುತ್ತಿದ್ದವು. ಒಂದು ಭಾನುವಾರ ಮಳೆಯಲ್ಲಿ ದಾರಿ ನೋಡಿ ಬಂದವಳು ಹಾಗೇ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಗ್ವಾಡಿ ಜೋಡಿ ಮಾತಾಡಿದಂಗ ಆಗತೈತಿ ಅಕ್ಕಾ."

"ಹಂಗಾರ ಬಿಟ್ಟ ಬಿಡು. ಯಾರೇನ್ ನಿನ್ನ ಕಟ್ಟಿ ಹಾಕ್ಯಾರ?"

ಸೆರಗು ಹಿಂಡುತ್ತ ಅವಳು ಯೋಚಿಸಿದಳು. "ಈ ವಾರದ್ದು ಒಂದು ಕಳಸ್ತೀನಿ. ದಾರಿ ನೋಡ್ಕೊಂಡ್ ಬಂದೀನಿ, ಸುಮ್ನ ಹಾಳಾಗತೈತಿ. ಮುಂದಿನ ವಾರದಿಂದ ಬಿಡ್ತೀನಿ."

ಮುಂದಿನ ವಾರವೂ ಅದನ್ನೇ ಹೇಳಿದಳು. ಆಮೇಲಿನ ವಾರವೂ. ನಾನು ನಗುವುದನ್ನು ಬಿಟ್ಟು, ಅವಳು ದಾರಿ ನೋಡಿ ಬರುವ ಹೊತ್ತಿಗೆ ಚಹಕ್ಕೆ ಇಡತೊಡಗಿದೆ.

ನಿಜ ಹೇಳಬೇಕೆಂದರೆ ಅವಳು ಎಣಿಸಿರದ ಒಂದು ಸಂಗತಿ ಆಗುತ್ತಿತ್ತು. ನಮ್ಮ ಓಣಿಯಲ್ಲಿ ಗಿರಣಿಯಿದೆ, ಎಲುಬು ಕೂಡಿಸುವ ಅಜ್ಜನಿದ್ದಾನೆ, ನಾಲ್ಕಾರು ಮನೆಗಳಿಗೆ ನೆಂಟರು ಬಂದುಹೋಗುತ್ತಾರೆ. ಕೈ ಉಳುಕಿದವರು, ಗೋಧಿ ಬೀಸಿಸುವವರು ಅವಳ ಮೇಲ್ ನೋಡಿಕೊಂಡು ಓಣಿಗೆ ಬರತೊಡಗಿದ್ದರು. ಒಬ್ಬರಿಂದ ಒಬ್ಬರು ಕೇಳಿ ತಿಳಿದು ತಾವಾಗಿ ವಿಳಾಸ ಕಳಿಸಿ, ನಮಗೂ ಹಾಕಿ ಎನ್ನುತ್ತಿದ್ದರು. ಅವರಿಗೆ ಚೈನು ಬೇಕಾಗಿರಲಿಲ್ಲ, ದಾರಿ ಬೇಕಿತ್ತು. ಬರಲಿ, ಬಂದು ನಮ್ಮ ಬಾಗಿಲು ದಾಟಿಯೇ ಹೋಗಬೇಕಲ್ಲ ಅಂದುಕೊಂಡು ಅವಳು ಎಲ್ಲರಿಗೂ ಹಾಕುತ್ತಿದ್ದಳು.

ಆದರೆ ಚೆನ್ನವೀರನ ತಾಳ್ಮೆ ಮುಗಿದಿತ್ತು. ಶೋರೂಮಿನ ಮಾಲಕರು ಒಳ್ಳೆಯ ಮನುಷ್ಯ. ನಮ್ಮ ಮಾವನವರನ್ನು ಕಂಡವರು. ಚೆನ್ನವೀರನಿಗೆ ಬಂದು ಸೇರು ಎಂದು ಹಿಂದೆಯೇ ಹೇಳಿ ಕಳಿಸಿದ್ದರು. ದೀಪಾವಳಿ ಮುಗಿದ ಮೇಲೆ ಅವನು ಒಪ್ಪಿಕೊಂಡ. ಹೊರಡುವ ಮುಂಜಾನೆ ತನ್ನ ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಮಾವನವರ ಹಳೆಯ ಧೋತರ ಹೊದಿಸಿದ. ಜೇಬಿನ ಮೇಲೆ ಶೋರೂಮಿನ ಹೆಸರು ಹೊಲಿದ ನೀಲಿ ಅಂಗಿ ಅವನಿಗೆ ಭುಜದಲ್ಲಿ ಬಿಗಿಯಾಗಿತ್ತು.

"ನೀ ಅಂಗಡಿ ಮುಚ್ಚು ಅನ್ನೂದಿಲ್ಲ ನಾ. ನಿನಗ ತಿಳದಷ್ಟು ದಿವಸ ನಡಸು," ಅಂದ ಅವಳಿಗೆ.

ಆ ಮಾತೇ ಅವಳಿಗೆ ಹೆಚ್ಚು ನೋವು ಮಾಡಿತಂತೆ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬಯ್ಯಬಹುದಿತ್ತು ಎಂದು ನನ್ನ ಹತ್ತಿರ ಹೇಳಿಕೊಂಡಳು. ಅಂದಿನಿಂದ ದೊಡ್ಡ ಯಂತ್ರವನ್ನು ಮುಟ್ಟಲಿಲ್ಲ. ಕೈಯಿಂದ ತಿರುಗಿಸುವ ಸಣ್ಣ ಯಂತ್ರ ಇಟ್ಟುಕೊಂಡು ತಾನೇ ಹೊಲಿಯತೊಡಗಿದಳು. ನಾನು ಛತ್ರಿಯ ಕಡ್ಡಿ ಕೂಡಿಸಲು ಕಲಿತೆ. ಭಾನುವಾರದ ಮೇಲ್ ನಿಲ್ಲಲಿಲ್ಲ.

ಚಳಿಗಾಲದ ಒಂದು ಭಾನುವಾರ ಊರಿಗೆಲ್ಲ ಮಂಜು ಕವಿದಿತ್ತು. ಹಿಂದಿನ ದಿನದಿಂದ ಅವಳ ಮೈ ಕಾದಿತ್ತು. ಶಾಲು ಹೊದ್ದು ಓಣಿಯ ಬಾಯಿಗೆ ಹೋದವಳಿಗೆ ಮಂಜಿನಲ್ಲಿ ಎತ್ತರದ ನೀರಿನ ಟಾಕಿ ಮಸುಕಾಗಿ ಕಂಡಿತು. ನಮ್ಮೂರಿನಲ್ಲಿ ಅಂಥವು ಎರಡಿವೆ, ಒಂದು ಗುಡ್ಡದ ಬುಡದಲ್ಲಿ, ಒಂದು ಹತ್ತಿ ಮಿಲ್ಲಿನ ಹತ್ತಿರ, ಊರಿನ ಆ ತುದಿಗೊಂದು ಈ ತುದಿಗೊಂದು. ಚೌಕದವರೆಗೆ ನಡೆಯುವ ಶಕ್ತಿ ಅವಳಿಗೆ ಇರಲಿಲ್ಲ. ಗುಡ್ಡದ ದಾರಿ ಗೊತ್ತಿದ್ದದ್ದೇ ಅಲ್ಲವೇ ಎಂದು ಬಂದು, ಗುಡ್ಡದ ಟಾಕಿಯ ಕೆಳಗಿದ್ದೇವೆ ಎಂದು ಬರೆದು ಕಳಿಸಿ ಮಲಗಿದಳು.

ಮಂಜು ಕರಗಿದಾಗ ಗುಡ್ಡ ಎಲ್ಲೂ ಇರಲಿಲ್ಲ. ಓಣಿಯ ಬಾಯಿಯಲ್ಲಿ ಹತ್ತಿ ಮಿಲ್ಲಿನ ಗೋಡೆ ನಿಂತಿತ್ತು.

ಅಷ್ಟರಲ್ಲಿ ಒಬ್ಬರು ಬರೆದಿದ್ದರು: 'ಗುಡ್ಡಕ್ಕೆ ಬಂದು ನಿಂತಿದ್ದೇವೆ. ಎಲ್ಲಿದ್ದೀರಿ?' ಅಜ್ಜನ ಹತ್ತಿರ ಮುರಿದ ಮುಂಗೈ ತೋರಿಸಲು ಹೊರಟವರು. ದ್ರಾಕ್ಷಾಯಣಿ ಎದ್ದು ಕೂತಳು. ಮುಖ ಸುಣ್ಣದಂತಾಗಿತ್ತು. ಕೂಡಲೇ ತಪ್ಪಾಗಿದೆ ಎಂದು ಇನ್ನೊಂದು ಮೇಲ್ ಕಳಿಸಿದಳು. ಕಳಿಸಿದ ಮೇಲೆ ನನ್ನ ಕಡೆ ನೋಡಿದಳು.

"ಎರಡನೇದು ಎಲ್ಲಾರೂ ನೋಡೂದಿಲ್ಲ ಅಕ್ಕಾ. ಮೊದಲನೇದು ನೋಡಿ ಮನಿ ಬಿಟ್ಟವರು ಇರ್ತಾರ. ವಾರ ಪೂರ್ತಿ ಬರ್ತಾರ ಅವರು ಅಲ್ಲಿಗೆ."

"ಬಂದ್ರ ಬರ್ಲಿ. ಇಲ್ಲ ಅಂತ ಗೊತ್ತಾಗಿ ತಿರುಗಿ ಹೋಗ್ತಾರ."

"ಅಲ್ಲಿದೀನಿ ಅಂತ ನಾ ಹೇಳೀನಲ್ಲ," ಅಂದಳು.

ನಾನು ಬೇಡವೆಂದರೂ ಕೇಳಲಿಲ್ಲ. ಜ್ವರದ ಗುಳಿಗೆ ನುಂಗಿ, ಗಿರಣಿಯವರ ತಳ್ಳುಗಾಡಿ ಕೇಳಿ ತಂದು, ಅದರ ಮೇಲೆ ಕೈಯಂತ್ರ, ರನ್ನರುಗಳ ಡಬ್ಬಿ, ದಾರದ ಉಂಡೆ, ಒಂದು ಚಾಪೆ ಇಟ್ಟುಕೊಂಡು ಊರಿನ ಆ ತುದಿಗೆ ಹೊರಟಳು. ಗಾಡಿಯ ಒಂದು ಬದಿ ನಾನೂ ಹಿಡಿದೆ. ಗುಡ್ಡದ ಟಾಕಿಯ ಕೆಳಗೆ ಚಾಪೆ ಹಾಸಿ ಅವಳನ್ನು ಕೂಡಿಸಿದಾಗ, ಮುಂಗೈ ಮುರಿದವರು ಇನ್ನೂ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಅವರನ್ನು ಅಜ್ಜನ ಹತ್ತಿರ ನಾನೇ ಕರೆದುಕೊಂಡು ಬಂದೆ. ಅವಳು ಅಲ್ಲೇ ಉಳಿದಳು.

ಆ ವಾರ ಅವಳು ದಿನವೂ ಅಲ್ಲಿಗೆ ಹೋದಳು. ಗುಡ್ಡದ ಗಾಳಿ ಸೂಜಿಯಂತೆ ಚುಚ್ಚುತ್ತಿತ್ತು. ಬಂದವರು ಮೊದಲು ಬಯ್ಯುತ್ತಿದ್ದರು. ಒಬ್ಬಾಕೆ ಮಗಳ ಮದುವೆಯ ಬ್ಯಾಗು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದು, "ಓಣಿ ಎಲ್ಲೈತ್ರಿ? ಏನ್ ಮಂದೀನ ಹುಚ್ಚ ಮಾಡೀರೇನು?" ಎಂದು ಕೂಗಾಡಿದರು. ದ್ರಾಕ್ಷಾಯಣಿ, "ನಂದ ತಪ್ಪಾಗೈತ್ರಿ. ಅದಕ್ಕ ಇಲ್ಲೇ ಬಂದ್ ಕುಂತೀನಿ. ತರ್ರಿ ಬ್ಯಾಗು," ಅಂದಳು. ಆಕೆ ಬ್ಯಾಗು ಕೊಟ್ಟರು. ಹೊಲಿಯುವುದನ್ನು ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅವಳ ಹಣೆ ಮುಟ್ಟಿ ನೋಡಿ, "ಅಯ್ಯ, ಮೈ ಸುಡಾಕತ್ತೈತಲ್ಲವಾ!" ಅಂದರು. ಮರುದಿನ ಅದೇ ಹೆಂಗಸು ಮೆಣಸಿನ ಕಷಾಯ ತುಂಬಿದ ಥರ್ಮಾಸ್ ತಂದರು. ಜೊತೆಗೆ ಓರಗಿತ್ತಿಯನ್ನೂ, ಅವರ ಮನೆಯಲ್ಲಿದ್ದ ಹರಿದ ಚೀಲಗಳನ್ನೂ.

ಆಮೇಲೆ ಸುದ್ದಿ ತಾನೇ ಹರಿಯಿತು. ತಪ್ಪು ದಾರಿ ಹೇಳಿದವಳು ತಪ್ಪಿದ ಜಾಗಕ್ಕೇ ಹೋಗಿ ಕೂತಿದ್ದಾಳೆ ಎಂದು ಚೌಕದಲ್ಲಿ ಮಾತಾಯಿತು. ನೋಡಲೆಂದೇ ಕೆಲವರು ಗುಡ್ಡಕ್ಕೆ ಬಂದರು. ಬರಿಗೈಯಲ್ಲಿ ಬರುವುದು ಹೇಗೆಂದು ಅಟ್ಟದ ಮೇಲಿನ ಬ್ಯಾಗು ಇಳಿಸಿಕೊಂಡು ಬಂದರು. ಟಾಕಿಯ ಕೆಳಗೆ ಸಾಲು ನಿಂತಿತು. ಅವಳ ಸಣ್ಣ ಯಂತ್ರಕ್ಕೆ ದಪ್ಪ ಬಟ್ಟೆ ಹೋಗುತ್ತಿರಲಿಲ್ಲ, ಸೂಜಿ ಮುರಿಯುತ್ತಿತ್ತು, ಜ್ವರವೂ ಇಳಿದಿರಲಿಲ್ಲ. ಆದರೂ ಯಾರನ್ನೂ ತಿರುಗಿ ಕಳಿಸಲಿಲ್ಲ.

ಶೋರೂಮಿನಲ್ಲಿ ಚೆನ್ನವೀರನ ಕಿವಿಗೂ ಅದು ಬಿತ್ತು. ಮನೆಯಲ್ಲಿ ಅವನಿಗೆ ಅವಳು ಹೇಳಿದ್ದು, ಜ್ವರ ಬಿಟ್ಟಿದೆ, ಗುಡ್ಡದ ಕಡೆ ಸ್ವಲ್ಪ ಕೆಲಸ ಇದೆ ಎಂದಷ್ಟೇ. ಹೊಸ ಬ್ಯಾಗು ನೋಡುತ್ತಿದ್ದ ಗಿರಾಕಿಯೊಬ್ಬ, "ಇದರ ಚೈನು ಕೆಟ್ರ ಚಿಂತಿಲ್ಲ ಬಿಡ್ರಿ, ಟಾಕಿ ಕೆಳಗ ಒಬ್ಬಾಕಿ ಕುಂತಾಳ, ಜ್ವರ ಬಂದ್ರೂ ಎದ್ದಿಲ್ಲ," ಅಂದನಂತೆ. ಚೆನ್ನವೀರ ಬ್ಯಾಗನ್ನು ಕಪಾಟಿನಲ್ಲಿಟ್ಟು ಹೊರಗೆ ಬಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ನೀಲಿ ಅಂಗಿಯವನು ಗುಡ್ಡದ ದಾರಿ ಹಿಡಿದು ಬರುವುದನ್ನು ನಾನೇ ಮೊದಲು ಕಂಡೆ. ಅವಳಿಗೆ ಊಟ ಕೊಡಲು ಅಲ್ಲಿಗೆ ಹೋಗಿದ್ದೆ. ಅವನು ಸಾಲು ದಾಟಿ ಮುಂದೆ ಬಂದು, ಅವಳ ಕೈಯಲ್ಲಿದ್ದ ಬ್ಯಾಗನ್ನು ಬಗ್ಗಿ ನೋಡಿದ. ದ್ರಾಕ್ಷಾಯಣಿ ತಲೆಯೆತ್ತಲಿಲ್ಲ.

"ಹೊಲಿಗಿ ಸೊಟ್ಟ ಹೊಂಟೈತಿ. ಆ ಕಡೆ ಸರಿ," ಅಂದ.

ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದಳು. ಅವನು ಕೂತ. ಯಂತ್ರದ ಹಿಡಿಕೆ ಹಿಡಿದು, ಅವಳು ಹಾಕಿದ್ದ ಹೊಲಿಗೆ ಬಿಚ್ಚಿ, ಹೊಸದಾಗಿ ಶುರುಮಾಡಿದ. ಬಹಳ ಹೊತ್ತಿನ ಮೇಲೆ ಅವನು, ಅವಳಿಗೆ ಅಲ್ಲ, ಯಂತ್ರಕ್ಕೆ ಹೇಳಿದಂತೆ ಹೇಳಿದ: "ಅಲ್ಲಿ ಹೊಸಾ ಬ್ಯಾಗ್ ತೋರಸ್ತೀನಿ ಮಂದಿಗೆ. ನನ್ನ ಕೈ ಸುಮ್ನ ರನ್ನರ್ ಮ್ಯಾಲೆ ಹೋಗತೈತಿ. ಯಾವಾಗ ಕೆಡತೈತಿ ಅಂತ ನೋಡ್ತೀನಿ."

ದ್ರಾಕ್ಷಾಯಣಿ ನಕ್ಕಳು. ನಗುತ್ತಲೇ ಅತ್ತಳು ಕೂಡ. ಜ್ವರಕ್ಕೆ ಕಣ್ಣು ನೀರಾಡುತ್ತವೆ ಅಂದಳು.

ಹೊತ್ತು ಮುಳುಗುವವರೆಗೂ ಅವನು ಏಳಲಿಲ್ಲ. ಮರುದಿನ ಶೋರೂಮಿಗೆ ಹೋಗಿ ನೀಲಿ ಅಂಗಿ ಮಡಿಚಿ ಕೊಟ್ಟ. ಮಾಲಕರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮಲ್ಲಿ ತೊಗೊಂಡ ಬ್ಯಾಗಿನ ಚೈನು ಕಿತ್ರ ಎಲ್ಲಿ ಕಳಸ್ಲಿ ನಾ? ನಿನ್ನ ಹೆಂಡತಿಗೆ ನನ್ನ ವಿಳಾಸಾನೂ ಹಾಕ್ಕೋ ಅಂತ ಹೇಳು," ಅಂದರಂತೆ.

ಆ ವಾರ ಕಳೆದು ಭಾನುವಾರ ಬಂದಾಗ ದ್ರಾಕ್ಷಾಯಣಿ ದಾರಿ ನೋಡಲು ಹೊರಟರೆ ಚೆನ್ನವೀರನೂ ಚಪ್ಪಲಿ ಮೆಟ್ಟಿಕೊಂಡ. ಅಂದಿನಿಂದ ಇಬ್ಬರೂ ಹೋಗುತ್ತಾರೆ. ನಾವು ಶ್ರೀಮಂತರಾಗಲಿಲ್ಲ. ಈಗಲೂ ಕೆಲವು ವಾರ ಬಾಗಿಲ ಕಡೆ ನೋಡುತ್ತ ಕೂರುವುದು ಇದ್ದೇ ಇದೆ. ಹೆಸರು ತೆಗೆಯಿರಿ ಎನ್ನುವವರು ಈಗಲೂ ಇದ್ದಾರೆ. ಅವಳು ಈಗಲೂ ಮೆಟ್ಟಿಲ ಮೇಲೆ ಕೂತು ಒಂದು ಗಳಿಗೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಕಂಡಕ್ಟರ್ ಹುಸೇನಸಾಬರು ವಾರ ತಪ್ಪದೆ ಉತ್ತರ ಬರೆಯುತ್ತಾರೆ, ಇವತ್ತಿನವರೆಗೆ ಒಂದು ಚೀಲವನ್ನೂ ತಂದಿಲ್ಲ. ಆದರೆ ಮಾವನವರ ಧೋತರ ಯಂತ್ರದ ಮೇಲಿಂದ ಇಳಿದು ಪೆಟ್ಟಿಗೆ ಸೇರಿತು. ನನಗೂ ಒಂದು ಸ್ಟೂಲು ಬಂತು.

ಈ ಶ್ರಾವಣದಲ್ಲಿ ದ್ರಾಕ್ಷಾಯಣಿಯ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಗಂಡ ಹೆಂಡತಿ ಇಬ್ಬರೂ ಪರವೂರಿನ ಅವಳ ತವರಿಗೆ ಹೋದರು. ಹೋಗುವ ಮುಂಚೆ ಹಳೆಯ ಲ್ಯಾಪ್‌ಟಾಪ್ ತೆರೆದು, ಎಲ್ಲಿ ಒತ್ತಬೇಕು, ಹೇಗೆ ಕಳಿಸಬೇಕು ಎಂದು ನನಗೆ ಕಲಿಸಿದಳು. "ಒಂದ ವಾರ ಅಕ್ಕಾ. ತಪ್ಪಸಬ್ಯಾಡ," ಅಂದಳು.

ಭಾನುವಾರ ಎದ್ದು ಓಣಿಯ ಬಾಯಿಗೆ ಹೋದೆ. ಬಸ್ ನಿಲ್ದಾಣದ ಹಿಂಭಾಗ ಎದುರಿಗೇ ಕಂಡಿತು. ಈ ಸಲ ಯಾವ ಗೊಂದಲವೂ ಇಲ್ಲವೆಂದು ಅಲ್ಲಿಂದಲೇ ಹಿಂದಿರುಗಿ ಬರೆದೆ: 'ಈ ವಾರ ನಾವು ಬಸ್ ನಿಲ್ದಾಣದ ಹಿಂದೆ ಇದ್ದೇವೆ. ಪೆಟ್ರೋಲ್ ಬಂಕಿನ ಪಕ್ಕದ ದಾರಿ. ಬನ್ನಿ.' ಕೆಳಗೆ ಎಂದಿನಂತೆ ಅವಳ ಹೆಸರು ಹಾಕಿ ಕಳಿಸಿದೆ. ಇಷ್ಟು ಸುಲಭದ ಕೆಲಸಕ್ಕೆ ಇವಳು ಅರ್ಧ ದಿನ ತೆಗೆದುಕೊಳ್ಳುತ್ತಾಳಲ್ಲ ಅಂದುಕೊಂಡು ಚಹ ಸೋಸಿಕೊಂಡೆ.

ಚಹ ಕುಡಿದು ಮುಗಿಸುವುದರೊಳಗೆ ಉತ್ತರಗಳು ಬಂದಿದ್ದವು. 'ಇದು ದ್ರಾಕ್ಷಾಯಣಿ ಅಕ್ಕಾರು ಬರೆದದ್ದಲ್ಲ. ಅವರಿಗೆ ಏನಾಗೈತಿ?' ಎಂದು ಒಬ್ಬರು. 'ಅವರು ಆರಾಮ ಅದಾರೋ ಇಲ್ಲೋ ಮೊದಲು ತಿಳಿಸ್ರಿ' ಎಂದು ಇನ್ನೊಬ್ಬರು. 'ಮತ್ತೆ ಜ್ವರ ಬಂದಿದ್ದರೆ ಹೇಳಿ, ಕಷಾಯ ತರುತ್ತೇನೆ' ಎಂದು ಮತ್ತೊಬ್ಬರು. ನಮಗೆ ಪರಿಚಯವೇ ಇಲ್ಲದ, ಒಂದು ಸಲವೂ ನಮ್ಮ ಬಾಗಿಲಿಗೆ ಬಾರದ ಹೆಸರುಗಳು ಅದರಲ್ಲಿದ್ದವು. ಒಬ್ಬರಂತೂ, 'ಬಂಕಿನಿಂದ ಎಷ್ಟು ನಡೆಯಬೇಕು, ದಾರಿಯಲ್ಲಿ ನೆರಳು ಇದೆಯೋ ಇಲ್ಲವೋ ಏನೂ ಬರೆದಿಲ್ಲ. ಅವರು ಎಂದೂ ಹೀಗೆ ಬರೆದವರಲ್ಲ. ನಮಗೆ ಮನಸ್ಸಿಗೆ ಸಮಾಧಾನವಿಲ್ಲ' ಎಂದು ಬರೆದಿದ್ದರು.

ನಾನು ದ್ರಾಕ್ಷಾಯಣಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದೆ. ಲೈನು ಕಡಿದುಹೋಯಿತೇನೋ ಎಂದು ಹಲೋ ಹಲೋ ಅಂದೆ.

"ಅದೀನಿ ಅಕ್ಕಾ," ಅಂದಳು. ದನಿ ಒದ್ದೆಯಾಗಿತ್ತು. ಮೂಗು ಸೇದಿಕೊಂಡು ಕೇಳಿದಳು: "ನೆರಳ ಐತೇನು ಅಲ್ಲಿ?"

"ನಾ ಎಲ್ಲಿ ನೋಡೀನವಾ? ಓಣಿ ಬಾಯಿಂದನ ತಿರುಗಿ ಬಂದೀನಿ."

"ಹಂಗಾರ ನೋಡಿ ಬಾ. ಕೇಳ್ಯಾರಲ್ಲ, ಪಾಪ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಚೌಕದವರೆಗೆ ಹೋಗಿ, ಅಲ್ಲಿಂದ ಈ ಊರಿಗೆ ಹೊಸಬಳಂತೆ ಎಡಬಲ ನೋಡುತ್ತ ನಡೆದು ಬಂದೆ. ಮನೆಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಆಮೇಲೆ ಬರೆದೆ:

'ದ್ರಾಕ್ಷಾಯಣಿ ಆರಾಮ ಇದ್ದಾಳೆ, ತಾಯಿಯ ಕಣ್ಣಿನ ಆಪರೇಷನ್ನಿಗೆ ತವರಿಗೆ ಹೋಗಿದ್ದಾಳೆ, ಮುಂದಿನ ವಾರ ಬರುತ್ತಾಳೆ. ಪೆಟ್ರೋಲ್ ಬಂಕ್ ದಾಟಿದ ಮೇಲೆ ದಾರಿ ಸ್ವಲ್ಪ ಏರು. ಎಡಗಡೆ ದೊಡ್ಡ ಹೊಂಗೆಮರವಿದೆ, ಅದರ ಕೆಳಗೆ ಕಬ್ಬಿನ ಹಾಲು ಮಾರುವವನು ಎರಡು ಬೆಂಚು ಹಾಕಿದ್ದಾನೆ. ಏನೂ ಕೊಳ್ಳದಿದ್ದರೂ ಕೂರಬಹುದು, ನಾನು ಕೇಳಿಕೊಂಡು ಬಂದಿದ್ದೇನೆ. ನಿಧಾನವಾಗಿ ಬನ್ನಿ. ಇಂತಿ, ಅವಳ ಹಿರಿಯ ನೆಗೆಣ್ಣಿ, ಕಾಶೀಬಾಯಿ.'